ಪರದೆಗೆ ನುಸುಳಿದ ಕೋಡಿನ ಹೆಸರು: ಒಂದು ಎನಮ್‌ನ ಪ್ರಕರಣ

ಯಂತ್ರ ರಿಪೇರಿಯ ಒಂದು ದೂರು ಬಗೆಹರಿಯಲು ಹನ್ನೊಂದು ದಿನ ಹಿಡಿಯಿತು. ಕೆಲಸ ಇದ್ದದ್ದು ಅರ್ಧ ಗಂಟೆಯದು.

ದೂರು ಕೊಟ್ಟವರು ದಿನಾ ನಮ್ಮ ಆ್ಯಪ್‌ನ ಪುಟ ತೆರೆದು ನೋಡುತ್ತಿದ್ದರು. ಸ್ಥಿತಿ ಅನ್ನುವ ಕಡೆ 'ವೇಯ್ಟಿಂಗ್‌ಆನ್‌ರಿಕ್ವೆಸ್ಟರ್' ಎಂದಿತ್ತು, ಮೂರು ಪದ ಒಂದಕ್ಕೊಂದು ಅಂಟಿಕೊಂಡು. ಅವರ ಕಣ್ಣಿಗೆ ಬಿದ್ದದ್ದು ಮೊದಲನೆಯ ಪದ ಮಾತ್ರ. ಸರಿ, ಕಾಯಬೇಕು ಅಂದುಕೊಂಡು ಕಾದರು. ಇತ್ತ ನಮ್ಮವರು ಅವರ ಯಂತ್ರದ ಸೀರಿಯಲ್ ನಂಬರ್‌ಗಾಗಿ ಕಾಯುತ್ತಿದ್ದರು. ಆ ಹೆಸರಿನ ಅರ್ಥವೇ ಅದು: ದೂರು ಕೊಟ್ಟವರಿಂದ ಉತ್ತರ ಬರಬೇಕು. ಅವರು ನಮಗಾಗಿ, ನಾವು ಅವರಿಗಾಗಿ. ಕೊನೆಗೆ ಅವರೇ ಫೋನ್ ಮಾಡಿ ಬೇಸರದಿಂದ ಕೇಳಿದಾಗ ವಿಷಯ ಗೊತ್ತಾಯಿತು.

ಆ ಹೆಸರು ಒಂದು ಎನಮ್‌ನದು, ಅಂದರೆ ಕೋಡಿನಲ್ಲಿ ಸ್ಥಿತಿಗಳಿಗೆ ಹೆಸರು ಮತ್ತು ಸಂಖ್ಯೆ ಕೊಟ್ಟಿಡುವ ಪಟ್ಟಿಯದು. ಆ ಎನಮ್ ಬರೆದವರಲ್ಲಿ ನಾನೂ ಒಬ್ಬ. ಕೋಡಿನಲ್ಲಿ ಆ ಹೆಸರು ತುಂಬಾ ಸ್ಪಷ್ಟವಾಗಿತ್ತು, ಈಗಲೂ ಹಾಗೇ ಇದೆ. ತಪ್ಪಾಗಿದ್ದು ಆ ಹೆಸರು ಪರದೆಯ ತನಕ ಬಂದದ್ದರಲ್ಲಿ. ಅದನ್ನು ಸರಿಪಡಿಸಲು ಹೋಗಿ ನಾವು ಎಲ್ಲೆಲ್ಲಿ ಎಡವಿದೆವು, ಕೊನೆಗೆ ಏನು ಮಾಡಿದೆವು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೆಸರು ಪರದೆಗೆ ಬಂದದ್ದು ಹೇಗೆ

ಆ್ಯಪ್ ಸಿ ಶಾರ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು. ಯಂತ್ರಗಳ ರಿಪೇರಿಗೆ ಬರುವ ದೂರುಗಳನ್ನು ದಾಖಲಿಸಿ, ಯಾರಿಗೆ ಹಂಚಬೇಕೋ ಹಂಚಿ, ಮುಗಿಯುವ ತನಕ ನೋಡಿಕೊಳ್ಳುವುದು ಅದರ ಕೆಲಸ. ದೂರಿನ ಸ್ಥಿತಿಗೆ ಒಂದು ಎನಮ್ ಇತ್ತು. ಅದರಲ್ಲಿ 1ರಿಂದ 9ರವರೆಗೆ ಒಂಬತ್ತು ವ್ಯಾಲ್ಯೂಗಳು: ನ್ಯೂ, ಅಸೈನ್ಡ್, ವೇಯ್ಟಿಂಗ್‌ಆನ್‌ರಿಕ್ವೆಸ್ಟರ್, ಆನ್‌ಹೋಲ್ಡ್, ಇನ್‌ಕ್ಯೂಸಿರಿವ್ಯೂ, ರಿಸಾಲ್ವ್ಡ್, ಕ್ಲೋಸ್ಡ್, ಡೂಪ್ಲಿಕೇಟ್, ರೀಓಪನ್ಡ್.

ಇವನ್ನು ಜನರಿಗೆ ಹೀಗೇ ತೋರಿಸೋಣ ಅಂತ ಯಾರೂ ಕೂತು ತೀರ್ಮಾನ ಮಾಡಿರಲಿಲ್ಲ. ಎನಮ್ ವ್ಯಾಲ್ಯೂವನ್ನು ಸುಮ್ನೆ ಟೇಬಲ್ಲಿಗೋ ಡ್ರಾಪ್‌ಡೌನಿಗೋ ಕೊಟ್ಟರೆ ಸಾಮಾನ್ಯವಾಗಿ ಅದರ ಮೇಲೆ 'ಟುಸ್ಟ್ರಿಂಗ್' ಕರೆ ಆಗುತ್ತದೆ. ವ್ಯಾಲ್ಯೂವನ್ನು ಪಠ್ಯವಾಗಿ ಕೊಡುವ ಮೆಥಡ್, ಅಂದರೆ ಕೋಡಿನ ತುಣುಕು, ಅದು. ಅದು ಕೋಡಿನಲ್ಲಿ ಬರೆದ ಹೆಸರನ್ನೇ ವಾಪಸ್ ಕೊಡುತ್ತದೆ. ಡೆಮೋ ದಿನ ಅದು ಚೆನ್ನಾಗಿಯೇ ಕಂಡಿತು, ಏಕೆಂದರೆ ನೋಡುತ್ತಿದ್ದವರೆಲ್ಲ ಪ್ರೋಗ್ರಾಮರ್‌ಗಳು. ಪರದೆಯ ಮೇಲಿನ ಉಳಿದ ಪ್ರತಿ ಪದವನ್ನೂ ಯಾರಾದರೂ ಯೋಚಿಸಿ ಬರೆದಿದ್ದರು. ಬಟನ್ ಮೇಲೆ ಏನಿರಬೇಕು ಅಂತ ಅರ್ಧ ದಿನ ಮಾತಾಡಿದ್ದೂ ನೆನಪಿದೆ. ಜನ ದಿನಾ ನೋಡುವ ಈ ಒಂಬತ್ತು ಪದಗಳನ್ನು ಮಾತ್ರ ಯಾರೂ ಬರೆದಿರಲಿಲ್ಲ.

ಮೊದಲ ಪ್ರಯತ್ನ: ಪದಗಳನ್ನು ಬಿಡಿಸುವುದು

ಫೋನ್ ಬಂದ ದಿನವೇ ಒಂದು ಪರಿಹಾರ ಹಾಕಿದೆವು. ಇಂಗ್ಲಿಷ್ ಹೆಸರಿನಲ್ಲಿ ದೊಡ್ಡಕ್ಷರ ಬಂದ ಕಡೆಯೆಲ್ಲ ಅದರ ಹಿಂದೆ ಒಂದು ಸ್ಪೇಸ್ ಸೇರಿಸುವ ಸಣ್ಣ ರೆಜೆಕ್ಸ್, ಅಂದರೆ ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ. ಎರಡು ಸಾಲಿನ ಕೆಲಸ. 'ವೇಯ್ಟಿಂಗ್ ಆನ್ ರಿಕ್ವೆಸ್ಟರ್' ಅಂತ ಬಿಡಿಬಿಡಿಯಾಗಿ ಬಂತು. ಆದರೆ 'ಇನ್‌ಕ್ಯೂಸಿರಿವ್ಯೂ' ಅನ್ನುವುದು 'ಇನ್ ಕ್ಯೂ ಸಿ ರಿವ್ಯೂ' ಆಯಿತು. ಕ್ಯೂಸಿ ಅಂದರೆ ಗುಣಮಟ್ಟದ ಪರಿಶೀಲನೆ, ಅದು ಒಂದೇ ಪದ. ಒಂದರ ಪಕ್ಕ ಒಂದು ಬಂದ ದೊಡ್ಡಕ್ಷರಗಳಿಗೆ ಇನ್ನೊಂದು ನಿಯಮ ಸೇರಿಸಿದೆವು. ಹ್ಯೂಮನೈಸರ್ ಎಂಬ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಈ ಕೆಲಸವನ್ನು ನಾವು ಬರೆದದ್ದಕ್ಕಿಂತ ಎಷ್ಟೋ ಚೆನ್ನಾಗಿ ಮಾಡುತ್ತದೆ, ಸಿ ಶಾರ್ಪ್ ಓಡುವ ಡಾಟ್‌ನೆಟ್ ವೇದಿಕೆ ಬಳಸುವವರಿಗೆ ಗೊತ್ತಿರುತ್ತದೆ.

ಆದರೆ ಹನ್ನೊಂದು ದಿನ ಕಾದವರಿಗೆ ಸ್ಪೇಸ್ ಇದ್ದಿದ್ದರೆ ಅರ್ಥವಾಗುತ್ತಿತ್ತಾ? ಇಲ್ಲ. 'ರಿಕ್ವೆಸ್ಟರ್' ಅಂದರೆ ತಾನೇ ಅಂತ ದೂರು ಕೊಟ್ಟವರಿಗೆ ಹೊಳೆಯುವುದು ಹೇಗೆ? ಅದು ನಮ್ಮ ಡೇಟಾಬೇಸಿನ ಒಂದು ಕಾಲಮ್ಮಿನ ಹೆಸರು. ತಮ್ಮನ್ನು ತಾವು ಯಾರೂ ಹಾಗೆ ಕರೆದುಕೊಳ್ಳುವುದಿಲ್ಲ. ಇದರ ಜೊತೆಗೆ ಇನ್ನೊಂದು ಅಪಾಯವೂ ಸೇರಿಕೊಂಡಿತು. ಈಗ ಕೋಡಿನಲ್ಲಿ ಯಾರಾದರೂ ಹೆಸರು ಬದಲಿಸಿದರೆ ಪರದೆಯೂ ಸದ್ದಿಲ್ಲದೆ ಬದಲಾಗುತ್ತದೆ. ಎಡಿಟರ್‌ನಲ್ಲಿ ಒಂದು ರೀನೇಮ್ ಒತ್ತಿದರೆ ಸಾಕು, ಬಳಸುವವರು ಕಲಿತುಕೊಂಡಿದ್ದ ಪದ ಮಾಯ.

ಎರಡನೆಯ ಪ್ರಯತ್ನ: ಹೆಸರಿನ ಪಕ್ಕ ವಿವರಣೆ

ಆಮೇಲೆ ಎಲ್ಲರೂ ಹಿಡಿಯುವ ದಾರಿಯನ್ನೇ ಹಿಡಿದೆವು. ಸಿ ಶಾರ್ಪ್‌ನ ಎನಮ್‌ನಲ್ಲಿ ಟುಸ್ಟ್ರಿಂಗ್ ಅನ್ನು ಓವರ್‌ರೈಡ್ ಮಾಡಲು, ಅಂದರೆ ನಮಗೆ ಬೇಕಾದಂತೆ ಬದಲಿಸಿ ಬರೆಯಲು, ಬರುವುದಿಲ್ಲ. ಅದರ ಬದಲು ಪ್ರತಿ ವ್ಯಾಲ್ಯೂವಿನ ತಲೆಯ ಮೇಲೆ 'ಡಿಸ್ಕ್ರಿಪ್ಷನ್' ಆಟ್ರಿಬ್ಯೂಟ್ (ವಿವರಣೆಯ ಟಿಪ್ಪಣಿ) ಬರೆದು, ರಿಫ್ಲೆಕ್ಷನ್ (ಕೋಡು ತನ್ನ ರಚನೆಯನ್ನು ತಾನೇ ನೋಡುವ ವಿಧಾನ) ಮೂಲಕ ಅದನ್ನು ಓದುವ ಒಂದು ಸಹಾಯಕ ಮೆಥಡ್ ಇಟ್ಟುಕೊಳ್ಳುತ್ತಾರೆ. ನಾವೂ ಇಟ್ಟುಕೊಂಡೆವು. ಕೋಡಿನ ಹೆಸರು ಕೋಡಿನಲ್ಲಿ, ಜನರಿಗೆ ಕಾಣುವ ಪದ ಅದರ ಪಕ್ಕದಲ್ಲೇ. ನೋಡಲು ಅಚ್ಚುಕಟ್ಟು. ಸಣ್ಣ ಆ್ಯಪ್, ಒಂದೇ ಭಾಷೆ, ಒಂದೇ ಬಗೆಯ ಓದುಗರು ಅಂತಾದರೆ ಇದಕ್ಕಿಂತ ಜಾಸ್ತಿ ಏನೂ ಬೇಡ ಅಂತ ಈಗಲೂ ಹೇಳುತ್ತೇನೆ.

ಎರಡೇ ವಾರದಲ್ಲಿ ಒಂದು ಬೆಳಿಗ್ಗೆ ದೂರುಗಳ ಪಟ್ಟಿಯೇ ತೆರೆಯಲಿಲ್ಲ. ಯಾರಿಗೂ ತೆರೆಯಲಿಲ್ಲ.

ಹುಡುಕಿದಾಗ ಸಿಕ್ಕಿದ್ದು ಡೇಟಾಬೇಸಿನ ಒಂದೇ ಒಂದು ಸಾಲು, ಒಂದು ದೂರಿನದು. ಹಿಂದಿನ ರಾತ್ರಿ ಓಡಿದ, ಡೇಟಾ ತುಂಬಿಸುವ ಇಂಪೋರ್ಟ್ ಸ್ಕ್ರಿಪ್ಟ್ ಆ ದೂರಿನ ಸ್ಥಿತಿಯನ್ನು 0 ಎಂದು ಬರೆದಿತ್ತು. ನಮ್ಮ ವ್ಯಾಲ್ಯೂಗಳು ಶುರುವಾಗುವುದು 1ರಿಂದ. ಸಿ ಶಾರ್ಪ್‌ನಲ್ಲಿ ಎನಮ್ ಅಂದರೆ ಒಳಗಿರುವುದು ಒಂದು ಸಂಖ್ಯೆ. ಪಟ್ಟಿಯಲ್ಲಿಲ್ಲದ ಸಂಖ್ಯೆಯನ್ನು ಎನಮ್ ಆಗಿ ಕಾಸ್ಟ್ ಮಾಡಿದರೂ, ಅಂದರೆ ಬದಲಿಸಿಕೊಂಡರೂ, ಅದು ತಕರಾರು ಮಾಡುವುದಿಲ್ಲ. ಅಂಥದ್ದರ ಟುಸ್ಟ್ರಿಂಗ್ ಕೇಳಿದರೆ '0' ಅನ್ನುವ ಪಠ್ಯ ಬರುತ್ತದೆ. ನಮ್ಮ ಮೆಥಡ್ ಆ '0' ಹೆಸರಿನ ಫೀಲ್ಡ್ (ಎನಮ್‌ನ ನಮೂದು) ಎಲ್ಲಿದೆ ಅಂತ ಹುಡುಕಿತು. ಸಿಗದೆ ನಲ್, ಅಂದರೆ 'ಏನೂ ಇಲ್ಲ' ಅಂತ ಬಂತು. ನಲ್‌ನ ಮೇಲೆ ಆಟ್ರಿಬ್ಯೂಟ್ ಕೇಳಿದ ಕೂಡಲೇ ಎಕ್ಸೆಪ್ಷನ್, ಅಂದರೆ ಕೆಲಸವನ್ನು ಅಲ್ಲೇ ನಿಲ್ಲಿಸುವ ದೋಷ. ಪಟ್ಟಿಯಲ್ಲಿದ್ದ ಉಳಿದ ನೂರಾರು ದೂರುಗಳು ಸರಿಯಾಗಿದ್ದವು, ಆ ಒಂದು ಸಾಲು ಎಲ್ಲವನ್ನೂ ಎಳೆದುಕೊಂಡು ಬಿತ್ತು.

ಮುಂಚೆ ಟುಸ್ಟ್ರಿಂಗ್ ಇದ್ದಾಗ ಇದೇ ಸಾಲು '0' ಎಂದು ತೋರಿಸಿ ಸುಮ್ಮನಿರುತ್ತಿತ್ತು. ಚೆಂದದ ಹೆಸರು ತೋರಿಸಲು ಹೋಗಿ ನಾವೇ ಹೊಸದೊಂದು ಬೀಳುವ ಜಾಗ ಮಾಡಿಕೊಂಡಿದ್ದೆವು. ಅವತ್ತಿನಿಂದ ಒಂದು ನಿಯಮ ಮಾಡಿಕೊಂಡೆವು: ಹೆಸರು ಹುಡುಕುವ ಮೆಥಡ್ ಯಾವತ್ತೂ ಎಕ್ಸೆಪ್ಷನ್ ಎಸೆಯಬಾರದು. ಗೊತ್ತಿಲ್ಲದ ಸಂಖ್ಯೆ ಬಂದರೆ 'ತಿಳಿಯದ ಸ್ಥಿತಿ 0' ಎಂದು ತೋರಿಸಿ, ಲಾಗ್‌ನಲ್ಲಿ (ಆ್ಯಪ್ ತನ್ನ ಕೆಲಸವನ್ನು ಬರೆದಿಡುವ ದಾಖಲೆ) ಎಚ್ಚರಿಕೆ ಬರೆಯಬೇಕು. ಆ ಸಂಖ್ಯೆಯನ್ನು ಬೇಕೆಂದೇ ಪಕ್ಕದಲ್ಲಿ ಉಳಿಸಿದ್ದೇವೆ. ಫೋನ್ ಮಾಡಿದವರು ಅದನ್ನು ಓದಿ ಹೇಳಿದರೆ ನಮಗೆ ಜಾಡು ಸಿಗುತ್ತದೆ.

ಜಾವಾ ಕಡೆಯಿಂದ ಬಂದ ಪಾಠ

ಮೊಬೈಲ್ ಆ್ಯಪ್‌ಗೆ ಡೇಟಾ ಕೊಡಲು ಜಾವಾ ಎಂಬ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಬೇರೊಂದು ಸೇವೆ ಇತ್ತು. ಅಲ್ಲಿನ ಗೆಳೆಯರು ಇದೇ ಸಮಸ್ಯೆಗೆ ಬೇರೆ ಉಪಾಯ ಮಾಡಿದರು. ಜಾವಾದ ಎನಮ್‌ನಲ್ಲಿ ಟುಸ್ಟ್ರಿಂಗ್ ಓವರ್‌ರೈಡ್ ಮಾಡಬಹುದು, ಹಾಗಾಗಿ ಅದರಲ್ಲೇ ಚೆಂದದ ಪದ ವಾಪಸ್ ಕೊಟ್ಟರು. ಪರದೆಗಳೆಲ್ಲ ಒಮ್ಮೆಲೇ ಸರಿಯಾದವು.

ಆದರೆ ಕ್ಯಾಶ್ ಫೈಲ್ (ಮತ್ತೆ ಬೇಗ ಓದಲು ಉಳಿಸಿಡುವ ಫೈಲ್) ಬರೆಯುವ ಕೋಡ್ ಒಂದು ಕಡೆ ಸ್ಥಿತಿಯನ್ನು ಟುಸ್ಟ್ರಿಂಗ್ ಮೂಲಕವೇ ಬರೆಯುತ್ತಿತ್ತು, ಓದುವಾಗ ಹೆಸರಿನಿಂದ ವ್ಯಾಲ್ಯೂ ಹುಡುಕುವ 'ವ್ಯಾಲ್ಯೂಆಫ್' ಬಳಸುತ್ತಿತ್ತು. ವ್ಯಾಲ್ಯೂಆಫ್ ನೋಡುವುದು ಕೋಡಿನಲ್ಲಿ ಬರೆದ ಹೆಸರನ್ನು ಮಾತ್ರ, ಟುಸ್ಟ್ರಿಂಗ್ ಏನು ಹೇಳುತ್ತದೆ ಅನ್ನುವುದು ಅದಕ್ಕೆ ಲೆಕ್ಕಕ್ಕಿಲ್ಲ. ಬರೆದದ್ದು ಒಂದು, ಹುಡುಕಿದ್ದು ಇನ್ನೊಂದು, ಹಾಗಾಗಿ ತಾನೇ ಬರೆದ ಫೈಲನ್ನು ತಾನೇ ಓದಲು ಆಗಲಿಲ್ಲ. ಜಾವಾದಲ್ಲಿ 'ನೇಮ್' ಎಂಬ ಇನ್ನೊಂದು ಮೆಥಡ್ ಇದೆ. ಅದು ಫೈನಲ್, ಯಾರೂ ಬದಲಿಸುವ ಹಾಗಿಲ್ಲ. ಉಳಿಸುವುದಕ್ಕೆ, ಕಳಿಸುವುದಕ್ಕೆ, ಹೋಲಿಸುವುದಕ್ಕೆ ಅದೇ ಸರಿ.

ಪೈಥಾನ್ ಭಾಷೆಯಲ್ಲಿ ವೆಬ್ ಆ್ಯಪ್ ಕಟ್ಟಲು ಬಳಸುವ ಜಾಂಗೋದಲ್ಲಿ 2019ರ ಕೊನೆಗೆ ಬಂದ 3.0 ಆವೃತ್ತಿ 'ಟೆಕ್ಸ್ಟ್‌ಚಾಯ್ಸಸ್' ಎಂಬುದನ್ನು ತಂದಿತು. ಅಲ್ಲಿ ಪ್ರತಿ ಸ್ಥಿತಿಗೂ ಕೋಡಿನ ಹೆಸರು ಬೇರೆ, ಡೇಟಾಬೇಸಿನಲ್ಲಿ ಉಳಿಯುವ ವ್ಯಾಲ್ಯೂ ಬೇರೆ, ಪರದೆಯ ಲೇಬಲ್ ಬೇರೆ. ಅದನ್ನು ನೋಡಿದಾಗ ನನಗೆ ಎಲ್ಲ ತಿಳಿಯಾಯಿತು. ನಾವು ಮೂರನ್ನೂ ಒಂದೇ ದಾರಕ್ಕೆ ಕಟ್ಟಿದ್ದೆವು, ಒಂದನ್ನು ಎಳೆದರೆ ಇನ್ನೆರಡು ಅಲುಗಾಡುತ್ತಿದ್ದವು.

ಫೋನ್ ಎತ್ತುವವರ ಪಕ್ಕ ಕೂತಾಗ

ಲೇಬಲ್‌ಗಳನ್ನು ಯಾರು ಬರೆಯಬೇಕು ಅನ್ನುವ ಪ್ರಶ್ನೆಗೆ ನಾವು ತಡವಾಗಿ ಬಂದೆವು. ಮೊದಲ ಸುತ್ತಿನ ವಿವರಣೆಗಳನ್ನು ಬರೆದಿದ್ದವರೂ ಪ್ರೋಗ್ರಾಮರ್‌ಗಳೇ. 'ಇನ್‌ಕ್ಯೂಸಿರಿವ್ಯೂ' ಅನ್ನುವುದಕ್ಕೆ ನಾವು ಬರೆದಿದ್ದು 'ಕ್ಯೂಸಿ ಪರಿಶೀಲನೆ'.

ಒಂದು ಮಧ್ಯಾಹ್ನ ದೂರಿನ ಫೋನ್ ಎತ್ತುವವರ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಅವರು ಮೂರನೇ ಕರೆಯಲ್ಲೇ ಹೇಳಿದರು: "ಸರ್, ಕ್ಯೂಸಿ ಅಂದ್ರೇನು ಅಂತ ಎಲ್ಲರೂ ಕೇಳ್ತಾರೆ. ರಿಪೇರಿ ಆಗಿದೆ, ಕೊನೇ ಸಲ ಚೆಕ್ ಮಾಡ್ತಿದ್ದಾರೆ ಅಂತ ನಾನೇ ಬಿಡಿಸಿ ಹೇಳ್ತೀನಿ." ಲೇಬಲ್ ಅಲ್ಲೇ ಸಿಕ್ಕಿತು, ಅಲ್ವಾ? 'ರಿಪೇರಿ ಆಗಿದೆ, ಕೊನೆಯ ಪರೀಕ್ಷೆ ನಡೆಯುತ್ತಿದೆ' ಎಂದು ಬರೆದುಕೊಂಡೆ. ಅವರು ತಿಂಗಳುಗಟ್ಟಲೆ ನಮ್ಮ ಎನಮ್ ಅನ್ನು ಬಾಯಲ್ಲಿ ಅನುವಾದ ಮಾಡುತ್ತಾ ಬಂದಿದ್ದರು.

ಅಲ್ಲೇ ಇನ್ನೊಂದು ವಿಷಯವೂ ಗೊತ್ತಾಯಿತು. ಒಂದೇ ಸ್ಥಿತಿಗೆ ಓದುಗರು ಇಬ್ಬರು. ದೂರು ಕೊಟ್ಟವರಿಗೆ 'ವೇಯ್ಟಿಂಗ್‌ಆನ್‌ರಿಕ್ವೆಸ್ಟರ್' ಅಂದರೆ 'ನಿಮ್ಮ ಉತ್ತರ ಬೇಕಾಗಿದೆ'. ರಿಪೇರಿ ಮಾಡುವವರಿಗೆ ಅದೇ ಸ್ಥಿತಿ 'ದೂರು ಕೊಟ್ಟವರ ಉತ್ತರ ಬರಬೇಕು'. ಒಬ್ಬರಿಗೆ ಅದು ಮಾಡಬೇಕಾದ ಕೆಲಸ, ಇನ್ನೊಬ್ಬರಿಗೆ ಕೈಕಟ್ಟಿ ಕೂರುವ ಸಮಯ. ಒಂದು ವ್ಯಾಲ್ಯೂವಿಗೆ ಒಂದೇ ಆಟ್ರಿಬ್ಯೂಟ್ ಅನ್ನುವ ಲೆಕ್ಕ ಅಲ್ಲಿಗೆ ಮುರಿದುಬಿತ್ತು. ಹನ್ನೊಂದು ದಿನದ ದೂರಿನ ಬೇರು ಇಲ್ಲೇ ಇತ್ತು. ಆ ಹೆಸರನ್ನು ನಾವು ನಮ್ಮ ಕಡೆಯಿಂದ ನೋಡಿ ಇಟ್ಟಿದ್ದೆವು, ಓದುತ್ತಿದ್ದವರು ಎದುರು ಕಡೆ ಇದ್ದರು.

ಕನ್ನಡ ಬಂದಾಗ

ಪರದೆ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಬೇಕು ಅಂತ ಆಗಲೇ ತೀರ್ಮಾನವಾಗಿತ್ತು. ಡಿಸ್ಕ್ರಿಪ್ಷನ್ ಆಟ್ರಿಬ್ಯೂಟ್‌ಗೆ ಒಂದೇ ಪಠ್ಯ ಗೊತ್ತು. 'ಡಿಸ್ಪ್ಲೇ' ಆಟ್ರಿಬ್ಯೂಟ್ ಆದರೆ ರಿಸೋರ್ಸ್ ಫೈಲಿನಿಂದ (ಪರದೆಯ ಪಠ್ಯಗಳನ್ನು ಕೋಡಿನಿಂದ ಬೇರೆಯಾಗಿ ಇಡುವ ಫೈಲ್) ಪಠ್ಯ ತರಬಲ್ಲದು, ಭಾಷೆಗೆ ತಕ್ಕಂತೆ ಬದಲಿಸಬಲ್ಲದು. ಅದಕ್ಕೆ ಬದಲಾಯಿಸಿಕೊಂಡರೆ ಮುಗಿಯಿತು ಅಂದುಕೊಂಡೆವು.

ಮುಗಿಯಲಿಲ್ಲ. ಸ್ಥಿತಿ ಬದಲಾದಾಗ ಹೋಗುವ ಸಂದೇಶದ ಇಂಗ್ಲಿಷ್ ರೂಪದಲ್ಲಿ ಒಂದು ಖಾಲಿ ಜಾಗ ಬಿಟ್ಟು, ಅಲ್ಲಿ ಲೇಬಲ್ ತುಂಬುತ್ತಿದ್ದೆವು. ಕನ್ನಡದಲ್ಲೂ ಹಾಗೇ ಮಾಡಿದೆವು: 'ನಿಮ್ಮ ದೂರಿನ ಸ್ಥಿತಿಯನ್ನು', ಖಾಲಿ ಜಾಗ, ಅದಕ್ಕೆ ಅಂಟಿಕೊಂಡು 'ಗೆ ಬದಲಾಯಿಸಲಾಗಿದೆ'. ಮೊದಲ ಸಂದೇಶ ಹೊರಟಿದ್ದು ಹೀಗೆ: 'ನಿಮ್ಮ ದೂರಿನ ಸ್ಥಿತಿಯನ್ನು ನಿಮ್ಮ ಉತ್ತರ ಬೇಕಾಗಿದೆಗೆ ಬದಲಾಯಿಸಲಾಗಿದೆ.' ಓದಿದ ಕೂಡಲೇ ಮುಖ ಕಿವುಚುವ ಹಾಗಿತ್ತು.

ಕನ್ನಡದಲ್ಲಿ ವಿಭಕ್ತಿ ಪದಕ್ಕೇ ಅಂಟಿಕೊಳ್ಳುತ್ತದೆ, ಪದದ ಕೊನೆಯ ಸ್ವರ ನೋಡಿಕೊಂಡು ರೂಪವೂ ಬದಲಿಸುತ್ತದೆ. 'ಹೊಸದು' ಅನ್ನುವುದಕ್ಕೆ 'ಹೊಸದಕ್ಕೆ' ಆಗಬೇಕು, 'ಪರೀಕ್ಷೆ' ಅನ್ನುವುದಕ್ಕೆ 'ಪರೀಕ್ಷೆಗೆ'. ಪೂರ್ತಿ ವಾಕ್ಯವೇ ಲೇಬಲ್ ಆಗಿದ್ದರೆ ಯಾವ ವಿಭಕ್ತಿಯೂ ಕೂರುವುದಿಲ್ಲ. ಲೇಬಲನ್ನು ವಾಕ್ಯದ ಮಧ್ಯಕ್ಕೆ ತುರುಕುವುದನ್ನೇ ನಿಲ್ಲಿಸಿದೆವು. ಈಗ ಸಂದೇಶ ಹೀಗಿದೆ: 'ನಿಮ್ಮ ದೂರಿನ ಹೊಸ ಸ್ಥಿತಿ: ನಿಮ್ಮ ಉತ್ತರ ಬೇಕಾಗಿದೆ.' ಕೋಲನ್ ಹಾಕಿ ಲೇಬಲನ್ನು ಅದರ ಪಾಡಿಗೆ ಬಿಟ್ಟೆವು. ನಮ್ಮ ಎರಡೂ ಭಾಷೆಗೆ ಇದು ನಡೆಯುತ್ತದೆ.

ಫಿಲ್ಟರ್‌ಗಳಲ್ಲೂ ಇದೇ ತೊಂದರೆ ಬೇರೆ ರೂಪದಲ್ಲಿ ಬಂತು. ಒಂದು ದೂರಿನ ಮೇಲೆ 'ಮುಗಿದಿದೆ' ಸರಿ. ಪಟ್ಟಿಯ ಮೇಲಿನ ಫಿಲ್ಟರ್‌ನಲ್ಲಿ 'ಮುಗಿದವು' ಬೇಕು. ಇಂಗ್ಲಿಷಿನಲ್ಲಿ ಎರಡಕ್ಕೂ 'ಕ್ಲೋಸ್ಡ್' ಸಾಕು, ಹಾಗಾಗಿ ಇದು ಇಂಗ್ಲಿಷ್ ಪರದೆ ಮಾತ್ರ ನೋಡಿದವರಿಗೆ ಹೊಳೆಯುವುದೇ ಇಲ್ಲ.

ಕೊನೆಗೆ ಉಳಿದ ವಿನ್ಯಾಸ

ಎನಮ್‌ನಿಂದ ಆಟ್ರಿಬ್ಯೂಟ್‌ಗಳನ್ನೆಲ್ಲ ತೆಗೆದೆವು. ಅದು ಈಗ ಬರಿ ಹೆಸರು ಮತ್ತು ಸಂಖ್ಯೆ. ಪಠ್ಯಗಳೆಲ್ಲ ರಿಸೋರ್ಸ್ ಫೈಲಿನಲ್ಲಿ. ಪ್ರತಿ ಪಠ್ಯಕ್ಕೂ ಅದನ್ನು ಗುರುತಿಸುವ ಒಂದು ಕೀ: ಎನಮ್‌ನ ಹೆಸರು, ವ್ಯಾಲ್ಯೂವಿನ ಹೆಸರು, ಯಾರು ಓದುತ್ತಾರೆ ಅನ್ನುವುದು, ಮೂರನ್ನೂ ಸೇರಿಸಿದ್ದು. ಪರದೆ ಬರೆಯುವವರು ವ್ಯಾಲ್ಯೂವನ್ನೂ ಓದುಗರ ಬಗೆಯನ್ನೂ ಕೊಟ್ಟರೆ ಪಠ್ಯ ಸಿಗುತ್ತದೆ. ಫಿಲ್ಟರ್‌ಗೆ ಬೇಕಾದ ಬೇರೆ ರೂಪಗಳನ್ನು ಆ ಪರದೆಯ ಪಠ್ಯಗಳ ಜೊತೆಗೇ ಇಟ್ಟೆವು.

ಇದರ ಬೆಲೆ ಏನು ಅಂದರೆ, ಎನಮ್ ಮತ್ತು ಪಠ್ಯ ಈಗ ದೂರ ದೂರ. ಹೊಸ ವ್ಯಾಲ್ಯೂ ಸೇರಿಸಿದವರು ಪಠ್ಯ ಸೇರಿಸಲು ಮರೆಯಬಹುದು. ಅದಕ್ಕೇ ಒಂದು ಟೆಸ್ಟ್ ಬರೆದೆವು. ಎನಮ್‌ನ ಎಲ್ಲ ವ್ಯಾಲ್ಯೂಗಳನ್ನೂ ಎರಡೂ ಬಗೆಯ ಓದುಗರಿಗೆ ಎರಡೂ ಭಾಷೆಯಲ್ಲಿ ಅದು ಕೇಳಿ ನೋಡುತ್ತದೆ. ಒಂಬತ್ತು ವ್ಯಾಲ್ಯೂಗಳಿಗೆ 36 ಪಠ್ಯ. ಒಂದು ಕಾಣೆಯಾಗಿದ್ದರೂ ಬಿಲ್ಡ್, ಅಂದರೆ ಕೋಡಿನಿಂದ ಆ್ಯಪ್ ತಯಾರಾಗುವುದು, ನಿಲ್ಲುತ್ತದೆ. ಎರಡು ಪದ ಸೇರಿದ ಹೆಸರು ಹಾಗೇ ಪಠ್ಯದಲ್ಲಿ ಬಂದಿದ್ದರೂ ನಿಲ್ಲುತ್ತದೆ, ಏಕೆಂದರೆ ಅವಸರದಲ್ಲಿ ಕೋಡಿನ ಹೆಸರನ್ನೇ ಕಾಪಿ ಮಾಡಿ ಅಂಟಿಸುವವರು ಇರುತ್ತಾರೆ. ಈ ಪ್ರಕರಣದಲ್ಲಿ ನನಗೆ ಹೆಚ್ಚು ನೆಮ್ಮದಿ ಕೊಟ್ಟದ್ದು ಈ ಇಪ್ಪತ್ತು ಸಾಲಿನ ಟೆಸ್ಟ್.

ಟೈಪ್‌ಸ್ಕ್ರಿಪ್ಟ್ ಭಾಷೆ ಬಳಸುವವರಿಗೆ ಇದರ ಅರ್ಧ ಭಾಗ, ಕೋಡನ್ನು ಓಡಿಸುವ ಮುಂಚೆ ಪರಿಶೀಲಿಸಿ ಬದಲಿಸುವ ಕಂಪೈಲರ್‌ನಿಂದಲೇ ಸಿಗುತ್ತದೆ. ಎನಮ್ ಅನ್ನೇ ಕೀ ಮಾಡಿಕೊಂಡ 'ರೆಕಾರ್ಡ್' ಟೈಪ್ ಬರೆದರೆ, ಒಂದು ವ್ಯಾಲ್ಯೂ ಬಿಟ್ಟುಹೋದರೂ ಕೋಡ್ ಕಂಪೈಲ್ ಆಗುವುದಿಲ್ಲ.

ಡ್ರಾಪ್‌ಡೌನಿನ ಕ್ರಮದ ಬಗ್ಗೆಯೂ ಒಂದು ಮಾತು. ಡಾಟ್‌ನೆಟ್‌ನಲ್ಲಿ ಎನಮ್‌ನ ವ್ಯಾಲ್ಯೂಗಳನ್ನು ಕೇಳಿದರೆ ಸಂಖ್ಯೆಯ ಕ್ರಮದಲ್ಲಿ ಬರುತ್ತವೆ. ಲೇಬಲ್‌ಗಳನ್ನು ಅಕ್ಷರ ಕ್ರಮದಲ್ಲಿ ಜೋಡಿಸಿದರೆ ಭಾಷೆ ಬದಲಾದಂತೆ ಪಟ್ಟಿಯೂ ತಲೆಕೆಳಗಾಗುತ್ತದೆ. ಕೆಲಸ ಸಾಗುವ ಕ್ರಮವೇ ಜನರಿಗೆ ಬೇಕಾದ್ದು. ಅದನ್ನು ಬೇರೆಯಾಗಿ ಒಂದು ಪಟ್ಟಿಯಲ್ಲಿ ಬರೆದಿಟ್ಟೆವು.

ಡೇಟಾಬೇಸಿನಲ್ಲಿ ಸಂಖ್ಯೆ, ಲಾಗ್‌ನಲ್ಲಿ ಮತ್ತು ಎಪಿಐ (ಒಂದು ಪ್ರೋಗ್ರಾಂ ಇನ್ನೊಂದರ ಜೊತೆ ಮಾತಾಡುವ ದಾರಿ) ಉತ್ತರದಲ್ಲಿ ಕೋಡಿನ ಹೆಸರು, ಮನುಷ್ಯರು ಓದುವ ಕಡೆ ಮಾತ್ರ ಲೇಬಲ್ ಅಂತ ನಿಯಮ ಮಾಡಿದೆವು. ಒಂದು ಜಾಗ ತಪ್ಪಿಸಿಕೊಂಡಿತ್ತು: ಸ್ಪ್ರೆಡ್‌ಶೀಟ್‌ಗೆ ಇಳಿಸಿಕೊಳ್ಳುವ ಫೈಲ್. ಅದನ್ನು ಮನುಷ್ಯರೇ ಓದುವುದು ಅಂತ ಲೇಬಲ್ ಹಾಕಿದೆವು. ತಿಂಗಳ ಲೆಕ್ಕ ಮಾಡುವವರು ಬಂದು, "ನಮ್ಮ ಶೀಟಿನಲ್ಲಿ ಎಲ್ಲ ಸೊನ್ನೆ ಬರ್ತಿದೆ" ಅಂದರು. ಅವರ ಸೂತ್ರಗಳು ಹಳೆಯ ಅಂಟಿಕೊಂಡ ಹೆಸರುಗಳನ್ನೇ ಹುಡುಕಿ ಎಣಿಸುತ್ತಿದ್ದವು. ಅವರದ್ದೇನೂ ತಪ್ಪಿಲ್ಲ, ನಾವು ಕೊಟ್ಟದ್ದನ್ನು ಅವರು ನಂಬಿದ್ದರು. ಈಗ ಆ ಫೈಲಿನಲ್ಲಿ ಎರಡು ಕಾಲಮ್: ಸೂತ್ರಕ್ಕೆ ಬದಲಾಗದ ಕೋಡಿನ ಹೆಸರು, ಓದುವುದಕ್ಕೆ ಲೇಬಲ್.

ಲೇಬಲ್ ಸಿಗದ ವ್ಯಾಲ್ಯೂ

ಒಂಬತ್ತರಲ್ಲಿ ಎಂಟಕ್ಕೆ ಒಳ್ಳೆಯ ಪದ ಸಿಕ್ಕಿತು. 'ಆನ್‌ಹೋಲ್ಡ್' ಮಾತ್ರ ಒಗ್ಗಲಿಲ್ಲ. 'ತಡೆಹಿಡಿಯಲಾಗಿದೆ' ಅಂತ ಬರೆದರೆ ಫೋನ್ ಎತ್ತುವವರು ಒಪ್ಪಲಿಲ್ಲ: "ಯಾಕೆ ಅಂತ ಕೇಳ್ತಾರೆ ಸರ್, ನಾನೇನು ಹೇಳಲಿ?" ಕೆಲವು ದೂರುಗಳು ಬಿಡಿಭಾಗ ಬರದೆ ನಿಂತಿದ್ದವು. ಕೆಲವನ್ನು ಖರ್ಚಿನ ಒಪ್ಪಿಗೆ ಸಿಗದೆ ನಿಲ್ಲಿಸಿದ್ದರು. ಎರಡಕ್ಕೂ ಹೊಂದುವ ಒಂದು ಪದ ಹುಡುಕುತ್ತಾ ವಾರ ಕಳೆಯಿತು. ಆಮೇಲೆ ಹೊಳೆಯಿತು, ಪದ ಸಿಗದಿರುವುದು ಭಾಷೆಯ ಕೊರತೆಯಿಂದ ಅಲ್ಲ. ಎನಮ್‌ನಲ್ಲೇ ಎರಡು ಬೇರೆ ಸ್ಥಿತಿಗಳನ್ನು ಒಂದೇ ಪೆಟ್ಟಿಗೆಗೆ ಹಾಕಿದ್ದೆವು.

10 ಮತ್ತು 11 ಎಂದು ಎರಡು ಹೊಸ ವ್ಯಾಲ್ಯೂ ಸೇರಿಸಿದೆವು: 'ಬಿಡಿಭಾಗ ಬರಬೇಕಾಗಿದೆ', 'ಖರ್ಚಿಗೆ ಒಪ್ಪಿಗೆ ಸಿಗಬೇಕಾಗಿದೆ'. ಟೆಸ್ಟ್ ತಕ್ಷಣ ಬಿತ್ತು, ಎಂಟು ಪಠ್ಯ ಬಾಕಿ ಇದೆ ಎಂದಿತು. ಬರೆದ ಮೇಲೆ 44 ಆಯಿತು. 4 ಅನ್ನುವ ಸಂಖ್ಯೆಯನ್ನು ಬೇರೆ ಯಾವುದಕ್ಕೂ ಮತ್ತೆ ಬಳಸಲಿಲ್ಲ. ಡೇಟಾಬೇಸಿನಲ್ಲಿ ಆ ಸಂಖ್ಯೆ ಹೊತ್ತ ಹಳೆಯ ದೂರುಗಳಿವೆ. ಅವುಗಳಲ್ಲಿ ಯಾವುದು ಯಾಕೆ ನಿಂತಿತ್ತು ಅಂತ ಈಗ ಹೇಳಬಲ್ಲವರು ಯಾರೂ ಇಲ್ಲ. ಹೊಸ ದೂರಿನ ಡ್ರಾಪ್‌ಡೌನಿನಲ್ಲಿ 'ಆನ್‌ಹೋಲ್ಡ್' ಇನ್ನು ಕಾಣುವುದಿಲ್ಲ, ಆರಿಸಲು ಬರುವುದಿಲ್ಲ. ಹಳೆಯ ದೂರನ್ನು ತೆರೆದವರಿಗೆ ಮಾತ್ರ ಅದು 'ತಡೆಹಿಡಿಯಲಾಗಿತ್ತು, ಕಾರಣ ದಾಖಲಾಗಿಲ್ಲ' ಎಂದು ಕಾಣುತ್ತದೆ. ಆ ಪಠ್ಯವನ್ನೂ ಫೋನ್ ಎತ್ತುವವರೇ ಬರೆದುಕೊಟ್ಟರು.